ಟ್ಯಾಪೆಟ್ಟಿನ ಸದ್ದು

ಯಗಟಿಯ ನಮ್ಮ ಮನೆಯ ಅಂಗಳದಲ್ಲಿ ಎರಡು ಮೋಟಾರ್ ಸೈಕಲ್ಲುಗಳು ಅಕ್ಕಪಕ್ಕ ನಿಲ್ಲತೊಡಗಿದ್ದು ಕಳೆದ ಮಳೆಗಾಲದ ಕೊನೆಯಲ್ಲಿ. ಒಂದು ಅಪ್ಪನದು. ನಾನು ಹುಟ್ಟುವುದಕ್ಕೆ ಮೊದಲೇ ಮನೆಗೆ ಬಂದದ್ದು, ಕಪ್ಪು ಬಣ್ಣದ್ದು, ನಿಂತ ಜಾಗದಲ್ಲೆಲ್ಲ ಒಂದೆರಡು ಹನಿ ಆಯಿಲ್ ಬಿಟ್ಟು ಹೋಗುವ ಅಭ್ಯಾಸವಿರುವಂಥದ್ದು. ಇನ್ನೊಂದು ನನ್ನದು ಎಂದು ಹೇಳಿಕೊಳ್ಳುತ್ತಿದ್ದೆನಾದರೂ ಆಗಿನ್ನೂ ಪೂರ್ತಿಯಾಗಿ ನನ್ನದಾಗಿರಲಿಲ್ಲ.

ಅದು ಅಜ್ಜಂಪುರದ ಸಂಗೀತಾಳ ಗಾಡಿ. ಬಿ.ಎಸ್ಸಿ.ಯ ಅಷ್ಟೂ ಕಾಲ ಪ್ರಯೋಗಾಲಯದಲ್ಲಿ ನಾವಿಬ್ಬರೂ ಒಂದೇ ಮೇಜಿನವರು. ಅವಳು ಎಂ.ಎಸ್ಸಿ.ಗೆಂದು ಶಿವಮೊಗ್ಗದ ಹಾಸ್ಟೆಲ್ ಸೇರುವಾಗ ಗಾಡಿಯನ್ನು ನನಗೆ ಕೊಡಬೇಕೆಂದು ಹಟ ಹಿಡಿದಳು. ಅವಳ ತಂದೆ ತೀರ್ಥಪ್ಪನವರು ಈರುಳ್ಳಿ ವ್ಯಾಪಾರಿಗಳು. ಮಾತಿನಲ್ಲಿ ತೂಕ ಇಟ್ಟುಕೊಂಡವರು. ಕೀ ಕೊಡುವಾಗ ಅವರು, "ದೀಪಾವಳಿ ಗಂಟ ಓಡ್ಸಮ್ಮ. ಒಗ್ಗಿದ್ರೆ ಇಟ್ಕೊ, ಒಗ್ಗದಿದ್ರೆ ತಂದು ಇಲ್ಲೇ ನಿಲ್ಸು. ಯಾರ ಮನಸ್ಸಿಗೂ ಬ್ಯಾಸರ ಬ್ಯಾಡ" ಎಂದಿದ್ದರು.

ನನಗೆ ಒಗ್ಗಲೇಬೇಕಿತ್ತು. ಕಡೂರಿನ ಒಂದು ಖಾಸಗಿ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ನಾನು ಆಗಷ್ಟೇ ಸೇರಿದ್ದೆ. ವಿದ್ಯಾರ್ಥಿಗಳು ಒಳಬರುವ ಮೊದಲೇ ಲೋಲಕ, ಮಸೂರ, ಮೀಟರುಗಳೆಲ್ಲ ಮೇಜುಗಳ ಮೇಲೆ ತಮ್ಮ ತಮ್ಮ ಸ್ಥಾನದಲ್ಲಿರಬೇಕು. ಯಗಟಿಯಿಂದ ಹೊರಡುವ ಬೆಳಗಿನ ಬಸ್ಸು ಕಡೂರು ತಲುಪುವ ವೇಳೆಗೆ ಮೊದಲ ತಂಡದ ಪ್ರಯೋಗ ಅರ್ಧ ಮುಗಿದಿರುತ್ತದೆ. ಗಾಡಿ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಎರಡು ಗಾಡಿಗಳ ವ್ಯತ್ಯಾಸ ಮೊದಲು ತಿಳಿದದ್ದು ಕಿವಿಗೆ. ಅಪ್ಪನ ಗಾಡಿ ಚಾಲೂ ಆದರೆ ಒಳಗೆ ಯಾರೋ ಕಂಚುಗಾರ ಕುಳಿತು ಕೆಲಸ ಮಾಡುತ್ತಿರುವಂತೆ ಟಕಟಕ ಎನ್ನುತ್ತಿತ್ತು. ನನ್ನದು ಬರೀ ಉಸಿರಾಡುತ್ತಿತ್ತು. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಹುಡುಕುತ್ತ ಹೋದಾಗ ಸಂಗತಿ ತಾನಾಗಿ ಬಿಚ್ಚಿಕೊಂಡಿತು. ಈ ಎರಡೂ ಎಂಜಿನ್ನುಗಳಲ್ಲಿ ಸಿಲಿಂಡರಿನ ತಲೆಯ ಭಾಗದಲ್ಲಿ ವಾಲ್ವುಗಳು ಇರುತ್ತವೆ. ಒಂದು, ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಒಳಬಿಡುವ ಬಾಗಿಲು. ಇನ್ನೊಂದು, ಹೊಗೆಯನ್ನು ಹೊರಬಿಡುವ ಬಾಗಿಲು. ಈ ಬಾಗಿಲುಗಳನ್ನು ಸರಿಯಾದ ಹೊತ್ತಿಗೆ ತಳ್ಳಿ ತೆರೆಯುವುದು ಕ್ಯಾಮ್ ಎಂಬ, ಮೊಟ್ಟೆಯ ಆಕಾರದ ಉಬ್ಬುಗಳಿರುವ ಒಂದು ತಿರುಗುವ ದಂಡ. ಆ ದಂಡವನ್ನು ಎಲ್ಲಿಡಬೇಕು ಎಂಬುದೇ ಪ್ರಶ್ನೆ. ಅಪ್ಪನ ಎಂಜಿನ್ನಿನಲ್ಲಿ ಅದು ಕೆಳಗೆ, ಹಲ್ಲುಚಕ್ರಗಳ ಪಕ್ಕದಲ್ಲಿದೆ. ಅಲ್ಲಿಂದ ಪುಶ್‌ರಾಡ್ ಎಂಬ ಎರಡು ಉದ್ದನೆಯ ಕಡ್ಡಿಗಳು ಮೇಲಕ್ಕೆ ಹೋಗಿ, ಅಲ್ಲಿರುವ ಸನ್ನೆಕೋಲುಗಳನ್ನು ಎತ್ತಿ ವಾಲ್ವುಗಳನ್ನು ಒತ್ತಿಸುತ್ತವೆ. ನನ್ನ ಎಂಜಿನ್ನಿನಲ್ಲಿ ಕ್ಯಾಮ್ ಮೇಲೆಯೇ, ವಾಲ್ವುಗಳ ನೆರೆಯಲ್ಲಿಯೇ ಇದೆ. ಕಡ್ಡಿಗಳಿಲ್ಲ. ಆದರೆ ಮೇಲಿರುವ ಕ್ಯಾಮನ್ನು ತಿರುಗಿಸಲು ಕೆಳಗಿನಿಂದ ಒಂದು ಉದ್ದನೆಯ ಚೈನ್ ಬೇಕು.

ಒಂದು ಸಂಜೆ ಜಗಲಿಯ ಮೇಲೆ ಕುಳಿತು ಇದನ್ನು ಅಪ್ಪನಿಗೆ ವಿವರಿಸಲು ಹೊರಟೆ. ಅಪ್ಪ, ಅಂದರೆ ಕರಿಯಪ್ಪ, ತೆಂಗಿನ ತೋಟ ಬಿಟ್ಟರೆ ಪ್ರಪಂಚದಲ್ಲಿ ನಂಬುವುದು ಆ ಕಪ್ಪು ಗಾಡಿಯೊಂದನ್ನೇ.

"ನಿನ್ನ ಎಂಜಿನ್ನು ನೆಲದ ಮೇಲೆ ನಿಂತ್ಕೊಂಡು ದೋಟೀಲಿ ಕಾಯಿ ಕೀಳುತ್ತೆ ಅಪ್ಪಾ. ನಂದು ಮರ ಹತ್ತಿ ಕೈಯಲ್ಲೇ ತಿರುವುತ್ತೆ."

"ದೋಟೀಲಿ ಕಿತ್ತೋನು ಮರದಿಂದ ಬಿದ್ದಿದ್ದು ನಾ ಕಂಡಿಲ್ಲ" ಎಂದ ಅಪ್ಪ.

"ಆದ್ರೆ ದೋಟೀಲಿ ಬೇಗ ಬೇಗ ಕೀಳಕ್ಕಾಗಲ್ಲ. ಉದ್ದ ಇರುತ್ತಲ್ಲ, ಬಾಗುತ್ತೆ, ಓಲಾಡುತ್ತೆ. ಎಂಜಿನ್ ಸ್ಪೀಡ್ ಜಾಸ್ತಿ ಆದ್ರೆ ವಾಲ್ವು ಸರಿಯಾದ ಟೈಮಿಗೆ ಮುಚ್ಚಲ್ಲ."

"ನಂಗ್ಯಾತಕ್ ಕಣವ್ವಾ ಸ್ಪೀಡು? ಮೂಟೆ ಹೊತ್ಕೊಂಡು ದಿಬ್ಬ ಹತ್ತುದ್ರೆ ಆಯ್ತು. ನಿನ್ ಗಾಡಿ ಹತ್ತುತ್ತಾ?"

ನಿಧಾನವಾಗಿ ದಿಬ್ಬ ಹತ್ತುವ ಬಲ ಅವನ ಎಂಜಿನ್ನಿಗೆ ಬಂದದ್ದು ದೊಡ್ಡ ಸಿಲಿಂಡರಿನಿಂದ, ಪಿಸ್ಟನ್ನಿನ ಉದ್ದನೆಯ ಓಡಾಟದಿಂದ. ಅದಕ್ಕೆ ಪುಶ್‌ರಾಡ್ ಕಾರಣವಲ್ಲ ಎಂದು ಹೇಳಿದೆ. ಅಪ್ಪ ಒಪ್ಪಲಿಲ್ಲ. "ಎಲ್ಡೂ ಒಂದೇ ಗಾಡೀಲೈತಲ್ಲ" ಎಂದು ಎದ್ದುಹೋದ. ಎರಡು ಸಂಗತಿಗಳು ಒಟ್ಟಿಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂಬ ವಾಕ್ಯ ನನ್ನ ಬಾಯಲ್ಲೇ ಉಳಿಯಿತು.

ಹೋಗುತ್ತ ಅವನು ನನ್ನ ಗಾಡಿಯ ಸೀಟನ್ನು ತಟ್ಟಿ, "ಇದ್ರ ಸದ್ದೇ ಇಲ್ಲ. ಇದೇ ನಂಗೊಂದ್ ಯೋಚ್ನೆ" ಎಂದದ್ದನ್ನು ನಾನು ಗೇಲಿ ಎಂದುಕೊಂಡೆ.

ಮಹಾಲಯ ಅಮಾವಾಸ್ಯೆ ಬಂತು. ಪ್ರತಿ ಅಮಾವಾಸ್ಯೆಗೂ ಅಪ್ಪ ಗಾಡಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಚಕ್ರದಡಿಗೆ ನಿಂಬೆಹಣ್ಣು ಇಡುವ ರೂಢಿ. ಈ ಸಲ ನನ್ನ ಗಾಡಿಯನ್ನೂ ತಾನೇ ತೊಳೆಯುತ್ತೇನೆ ಎಂದ. ನಾನು ಅಜ್ಜಿಯ ಜೊತೆ ಅಟ್ಟ ಹತ್ತಿದೆ.

ನಮ್ಮ ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿಗಳು ವರ್ಷದಿಂದ ಒಣಗುತ್ತಿದ್ದವು. ಅಜ್ಜಿ ಮೀನಾಕ್ಷಮ್ಮ ಒಂದೊಂದನ್ನೂ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಎರಡು ಗುಡ್ಡೆ ಮಾಡುತ್ತಿದ್ದಳು. ಒಳಗಿನ್ನೂ ನೀರಿದ್ದರೆ ಗುಳುಗುಳು ಎನ್ನುತ್ತದೆ. ನೀರು ಪೂರ್ತಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗಿದ್ದರೆ ಗಡಗಡ ಎನ್ನುತ್ತದೆ. ನಾನೊಂದನ್ನು ಅಲ್ಲಾಡಿಸಿದೆ. ಏನೂ ಕೇಳಲಿಲ್ಲ.

"ಇದು ಸುಮ್ನೈತೆ ಅಜ್ಜಿ."

"ಸುಮ್ನಿರೋದ ನಂಬಬ್ಯಾಡ. ಚಿಪ್ಪಿಗೆ ಕಚ್ಕಂಡೈತೆ. ಆ ಕಡಿಗಿಡು." ಅಜ್ಜಿ ಅಟ್ಟದ ಬಾಯಿಂದ ಕೆಳಕ್ಕೆ ಕೂಗಿದಳು: "ಲೇ ಕರಿಯಾ, ತೊಳ್ದಾಗ್ಲಿಲ್ವೇನ್ಲಾ? ಪೂಜೆಗೆ ಹೊತ್ತಾಯ್ತು!"

"ಆಯ್ತು ಬಾರವ್ವಾ, ಇನ್ನೊಂಚೂರೈತೆ" ಎಂದು ಅಪ್ಪ ಕೆಳಗಿನಿಂದ ಉತ್ತರಿಸಿದ.

ಮರುದಿನ ಬೆಳಿಗ್ಗೆ ಗಾಡಿ ಚಾಲೂ ಮಾಡಿದೆ. ಟಕಟಕ ಎಂದಿತು.

ಯಗಟಿ ದಾಟುವ ಮೊದಲೇ ನಿಲ್ಲಿಸಿ ಇಳಿದು ಆಲಿಸಿದೆ. ಎಂಜಿನ್ನಿನ ವೇಗ ಹೆಚ್ಚಿಸಿದರೆ ಸದ್ದೂ ವೇಗವಾಗುತ್ತಿತ್ತು. ಕ್ಲಚ್ ಹಿಡಿದರೂ ಬಿಟ್ಟರೂ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಸದ್ದು ಗೇರುಗಳದಲ್ಲ, ಎಂಜಿನ್ನಿನ ಮೇಲ್ಭಾಗದ್ದು. ಸಂಜೆ ಮನೆಗೆ ಬಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡೆ. ವೈದ್ಯರ ಸ್ಟೆತಾಸ್ಕೋಪಿನ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಸದ್ದು ಎಲ್ಲಕ್ಕಿಂತ ಜೋರಾಗಿದ್ದದ್ದು ಎಂಜಿನ್ನಿನ ತಲೆಯಲ್ಲಿ. ಅಲ್ಲಿ ವಾಲ್ವುಗಳಿವೆ, ಚೈನಿನ ಮೇಲ್ತುದಿಯೂ ಇದೆ. ಹಾಗಾಗಿ ಆ ಪರೀಕ್ಷೆಯಿಂದ ಯಾವುದೂ ತೀರ್ಮಾನವಾಗಲಿಲ್ಲ. ಆದರೆ ಕ್ಯಾಮ್ ಮೇಲಿರುವ ಎಂಜಿನ್ನಿನಲ್ಲಿ ಹೊಸದಾಗಿ ಇಂಥ ಸದ್ದು ಬಂದರೆ ಮೊದಲು ಚೈನನ್ನು ಅನುಮಾನಿಸಬೇಕು ಎಂದು ಓದಿದ್ದೆ. ನಿನ್ನೆಯವರೆಗೆ ಇಲ್ಲದ ಸದ್ದು, ಎಂಜಿನ್ನನ್ನು ಯಾರೂ ಮುಟ್ಟಿಲ್ಲ. ಅಂದರೆ ಏನೋ ತಾನಾಗಿ ಸವೆದು ಜೋತುಬಿದ್ದಿರಬೇಕು.

ಮರುದಿನ ಕಡೂರಿನಲ್ಲಿ ಕಾಲೇಜಿನ ಬಳಿಯ ಮೆಕ್ಯಾನಿಕ್ ಒಬ್ಬ, ಬಾಯಲ್ಲಿದ್ದ ಬೋಂಡಾ ನುಂಗುವ ಮೊದಲೇ ತೀರ್ಪು ಕೊಟ್ಟ: "ಟೈಮಿಂಗ್ ಚೈನು ಮೇಡಂ. ಎಂಜಿನ್ ಇಳಿಸ್ಬೇಕು."

ಆ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನಿಗೆ ಹೇಳಿದೆ.

"ಚೈನಿನ ಸದ್ದಾ?" ಮುದ್ದೆ ಮುರಿಯುತ್ತಿದ್ದ ಅವನ ಕೈ ನಿಂತಿತು. "ನಂಗಂಥದ್ದೇನೂ ಕೇಳ್ಲಿಲ್ವಲ್ಲ. ಗಾಡಿ ಈಗ ಚೆನ್ನಾಗ್ ಮಾತಾಡ್ತೈತೆ."

"ತಮಾಷೆ ಸಾಕಪ್ಪ. ಮೆಕ್ಯಾನಿಕ್ಕೂ ಅದನ್ನೇ ಹೇಳಿದ."

"ಓದಿದೋಳು ನೀನು, ರಿಪೇರಿಯೋನೂ ಹೇಳವ್ನೆ ಅಂದ್ಮೇಲೆ ಇರ್ಬೋದು. ಅವತ್ತು ಮರ ಹತ್ತಿದೋನ ಕತೆ ಹೇಳ್ದೆಯಲ್ಲ, ಇದು ಅವ್ನಿಗೆ ಕಟ್ಟಿದ್ ಹಗ್ಗ ಅನ್ನು."

"ಹೂಂ, ಹಾಗೇ."

"ಹಗ್ಗ ಕಿತ್ತೋದ್ರೆ?"

ನಾನು ಪಾಠ ಹೇಳುವ ಉತ್ಸಾಹದಲ್ಲಿದ್ದೆ. "ಕ್ಯಾಮು ನಿಂತುಹೋಗುತ್ತೆ. ಯಾವುದೋ ಒಂದು ವಾಲ್ವು ತೆಗೆದಿದ್ದು ತೆಗೆದ ಹಾಗೇ ಉಳಿಯುತ್ತೆ. ಕೆಳಗಿಂದ ಬರೋ ಪಿಸ್ಟನ್ನು ಅದಕ್ಕೆ ಗುದ್ದಬಹುದು. ನಿನ್ನ ಗಾಡೀಲಿ ಹಲ್ಲುಚಕ್ರ ಇರೋದ್ರಿಂದ ಈ ಭಯ ಕಮ್ಮಿ."

"ಗುದ್ದಿದ್ರೆ?"

"ಎಂಜಿನ್ನು ಕಚ್ಚಿಕೊಂಡು ನಿಲ್ಲಬಹುದು."

"ಹಿಂದಿನ್ ಚಕ್ರ?"

"ಕ್ಲಚ್ ಹಿಡೀದಿದ್ರೆ ಅದೂ ನಿಲ್ಲುತ್ತೆ."

ಅಪ್ಪ ಕೈ ತೊಳೆದು ಎದ್ದ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿದಿತ್ತು. "ಭಾನುವಾರ ಗಾಡಿ ಅಜ್ಜಂಪುರಕ್ಕೆ ವಾಪಸ್ಸು. ದೀಪಾವಳಿಗೆ ಇನ್ನೂ ಟೈಮೈತೆ, ತೀರ್ಥಪ್ಪನೋರು ಮಾತು ತಪ್ಪಲ್ಲ."

"ಅಪ್ಪಾ, ಚೈನ್ ಬದಲಾಯಿಸಿದ್ರೆ ಸರಿಹೋಗುತ್ತೆ!"

"ಇವತ್ತು ಒಂದು ಹಾಕುಸ್ತೀಯ. ನಾಳಿಕ್ಕೆ ಅದೂ ಸವೆಯುತ್ತೆ. ಹಗ್ಗದ್ ಮೇಲೆ ಜೀವ ಇಟ್ಕೊಂಡು ದಿನಾ ಹೈವೇಲಿ ಹೋಗೋದು ಬ್ಯಾಡ."

"ಮತ್ತೆ ನನ್ ಕೆಲಸ?"

"ಬಸ್ಸು ಹೋಗೋ ಹೊತ್ತಿಗೆ ಸಿಗೋ ಕೆಲ್ಸ ನೋಡ್ಕೊ."

ನನ್ನ ವಿವರಣೆ ಎಲ್ಲೂ ತಪ್ಪಾಗಿರಲಿಲ್ಲ. ಅದರಿಂದಲೇ ನಾನು ಗಾಡಿ ಕಳೆದುಕೊಳ್ಳಲಿದ್ದೆ. ಶನಿವಾರದವರೆಗೆ ಬಸ್ಸಿನಲ್ಲೇ ಹೋದೆ. ಎರಡು ದಿನವೂ ವಿದ್ಯಾರ್ಥಿಗಳೇ ಕಪಾಟಿನಿಂದ ಲೋಲಕಗಳನ್ನು ತೆಗೆದುಕೊಂಡಿದ್ದರು. ಪ್ರಾಂಶುಪಾಲರು ನನ್ನನ್ನು ಕಂಡು ಗೋಡೆಯ ಗಡಿಯಾರ ನೋಡಿದರು.

ಭಾನುವಾರ, ನನ್ನ ಗಾಡಿಯನ್ನು ಚಾಲೂ ಮಾಡಲೂ ಅಪ್ಪ ಬಿಡಲಿಲ್ಲ. ಪಕ್ಕದ ಮನೆಯ ಧರ್ಮೇಶನ ಲಗೇಜ್ ಆಟೊದಲ್ಲಿ ಅದನ್ನು ಹಗ್ಗದಿಂದ ಬಿಗಿದು ನಿಲ್ಲಿಸಿದರು. ನಾನು ಅಪ್ಪನ ಹಿಂದೆ ಕಪ್ಪು ಗಾಡಿಯಲ್ಲಿ ಕುಳಿತೆ. ಬೀರೂರು ದಾಟುವವರೆಗೂ ಮುಂದಿನ ಆಟೊದಲ್ಲಿ ಅದು ಸಂತೆಗೆ ಹೊರಟ ಕುರಿಯ ಹಾಗೆ ನಮ್ಮತ್ತಲೇ ಮುಖ ಮಾಡಿಕೊಂಡು ಹೋಗುತ್ತಿತ್ತು.

ದುಃಖದ ನಡುವೆಯೂ ನನ್ನ ಗಮನ ಕಾಲ ಕೆಳಗಿನ ಎಂಜಿನ್ನಿನತ್ತ ಹೋಗುತ್ತಿತ್ತು. ಬೆಳಿಗ್ಗೆ ಹೊರಟಾಗ ಅದರ ಟಕಟಕ ಬಿಡಿಬಿಡಿಯಾಗಿತ್ತು. ಎಂಜಿನ್ ಕಾದ ಮೇಲೆ ಇನ್ನೂ ಜೋರಾಯಿತು. ಕಾದರೆ ಲೋಹ ಹಿಗ್ಗುತ್ತದೆ. ಸಿಲಿಂಡರ್ ಹಿಗ್ಗಿ ಎತ್ತರವಾಗುತ್ತದೆ, ಕಡ್ಡಿಗಳೂ ಹಿಗ್ಗುತ್ತವೆ, ಆದರೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಹಾಗಾದರೆ ನಡುವಿನ ಸಂದು ಹೆಚ್ಚುತ್ತಿದೆಯೇ?

"ಅಪ್ಪಾ, ಈ ಸದ್ದು ನಿನಗೆ ತೊಂದರೆ ಅನ್ಸಲ್ವಾ?" ಎಂದು ಗಾಳಿಯಲ್ಲಿ ಕೂಗಿದೆ.

"ಏನು ತೊಂದ್ರೆ? ಟ್ಯಾಪೆಟ್ಟು ಸದ್ದು ಮಾಡ್ತಾ ಇದ್ರೆ ಎಂಜಿನ್ನು ಬದುಕೈತೆ ಅಂತ. ಸುಮ್ನಾದ್ರೆ ಕೆಡುಕು. ಒಂದ್ಸಲ ಹಿಂಗೇ ಸುಮ್ನಾಗಿತ್ತು, ಆಹಾ ಏನ್ ನೈಸಾಗಿ ಓಡ್ತೈತೆ ಅಂದ್ಕಂಡೆ. ಬೀರೂರು ಗೇಟ್‌ತಾವ ನಿಂತೇ ಹೋಯ್ತು. ವಾಲ್ವ್ ಸುಟ್ಟೋಗಿತ್ತು. ನಿಮ್ಮವ್ವ ಹಿಂದೆ ಕೂತಿದ್ಲು, ನೀನು ಅವಳ ಹೊಟ್ಟೇಲಿದ್ದೆ. ಕಗ್ಗತ್ತಲೆ. ಅವತ್ತಿಂದ ಸುಮ್ನಿರೋ ಎಂಜಿನ್ ಕಂಡ್ರೆ ನಂಗಾಗಲ್ಲ."

ಅವನು ಹೇಳಿದ್ದರಲ್ಲಿ ಸತ್ಯವಿತ್ತು. ಟ್ಯಾಪೆಟ್ ಎಂದರೆ ಸನ್ನೆಕೋಲು ವಾಲ್ವನ್ನು ಮುಟ್ಟಿ ತಳ್ಳುವ ಜಾಗ. ಅಲ್ಲಿ ಸ್ವಲ್ಪ ಸಂದು ಇರಲೇಬೇಕು. ಸಂದೇ ಇಲ್ಲದೆ ಬಿಗಿಯಾದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ; ಬೆಂಕಿಯ ಝಳ ಅದರ ಅಂಚಿನಲ್ಲಿ ನುಸುಳಿ ಸುಡುತ್ತದೆ.

ಅಜ್ಜಂಪುರದ ಮನೆಯ ಮುಂದೆ ಈರುಳ್ಳಿ ಮೂಟೆಗಳ ಪಕ್ಕದಲ್ಲಿ ಗಾಡಿ ಇಳಿಸಿದೆವು. ತೀರ್ಥಪ್ಪನವರು ಮೊದಲೇ ಫೋನ್ ಮಾಡಿ, ಆ ಗಾಡಿಯನ್ನು ಹೊಸದರಿಂದಲೂ ನೋಡಿಕೊಂಡಿದ್ದ ಕಲ್ಲೇಶನನ್ನು ತರೀಕೆರೆಯಿಂದ ಕರೆಸಿದ್ದರು. ಸಂಗೀತಾ ಹಾಸ್ಟೆಲಿನಿಂದ ಬಂದಿದ್ದಳು.

"ಏನೇ ಗಗನಾ, ನಾನು ವರ್ಷಗಟ್ಲೆ ಓಡಿಸಿದ ಗಾಡಿನ ತಿಂಗಳೊಳಗೆ ಮಲಗಿಸ್ಬಿಟ್ಯಾ?" ಎಂದಳು. ನಗುತ್ತಿದ್ದಳು, ಆದರೆ ಅವಳ ಕಣ್ಣು ಗಾಡಿಯ ಮೇಲಿತ್ತು.

ತೀರ್ಥಪ್ಪನವರು ನಗಲಿಲ್ಲ. "ಕರಿಯಪ್ಪ, ವಾಪಸ್ ತಗೊಳ್ಳೋಕೆ ನಂದೇನಿಲ್ಲ. ಮಾತು ಕೊಟ್ಟೀನಿ. ಆದ್ರೆ ನಮ್ಮನೆಯಿಂದ ಹಾಳಾಗಿರೋ ಸಾಮಾನು ಕೊಟ್ಟಂಗಾಯ್ತಲ್ಲ, ಅದು ಸರಿ ಕಾಣ್ವಲ್ದು."

"ಅಯ್ಯೋ, ಹಂಗಂದ್ಕಬ್ಯಾಡಿ ಬುದ್ಧಿ. ಹಗ್ಗ ಸವೆದ್ರೆ ನೀವೇನ್ ಮಾಡ್ತೀರಿ" ಎಂದ ಅಪ್ಪ.

"ಯಾವ್ ಹಗ್ಗ?" ಎಂದು ಕಲ್ಲೇಶ್ ನನ್ನ ಮುಖ ನೋಡಿದ. ಗಾಡಿ ಚಾಲೂ ಮಾಡಿ, ತಲೆ ಬಾಗಿಸಿ ಕೇಳಿದ. "ಸದ್ದೈತೆ. ಚೈನೇ ಇರ್ಬೇಕು. ತರೀಕೆರೆಗೆ ತಗೊಂಡೋಗಿ ಬಿಚ್ತೀನಿ" ಎಂದ.

ಬಿಚ್ಚಿದ ಮೇಲೆ ಗಾಡಿ ಯಗಟಿಗೆ ಮರಳುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ಕ್ಷಣದಲ್ಲಿ ನಾನು ಇನ್ನೊಮ್ಮೆ ನನ್ನ ತರ್ಕವನ್ನು ಮೊದಲಿನಿಂದ ಜೋಡಿಸಿದೆ. ಸದ್ದು ತಲೆಯಲ್ಲಿದೆ. ಅಲ್ಲಿ ಇರಬಹುದಾದ ಕಾರಣಗಳು ಎರಡು. ಅವುಗಳಲ್ಲಿ ಒಂದನ್ನು ಮಾತ್ರ ನಾನು ಯೋಚಿಸಿದ್ದೆ. ಇನ್ನೊಂದನ್ನು, ಎಂಜಿನ್ ಯಾರೂ ಮುಟ್ಟಿಲ್ಲ ಎಂಬ ಆಧಾರದ ಮೇಲೆ ಕೈಬಿಟ್ಟಿದ್ದೆ. ಆ ಆಧಾರವನ್ನು ಯಾರೂ ಪರೀಕ್ಷಿಸಿರಲಿಲ್ಲ.

"ಕಲ್ಲೇಶಣ್ಣ, ಎಂಜಿನ್ ಬಿಚ್ಚೋಕೆ ಮೊದಲು ಮೇಲಿನ ಟ್ಯಾಪೆಟ್ ಮುಚ್ಚಳ ತೆಗೆದು ನೋಡೋಣ. ಪಕ್ಕದ ಚಿಕ್ಕ ಮುಚ್ಚಳನೂ ತೆಗೀರಿ, ಚೈನಿನ ಗುರುತು ಕಾಣುತ್ತಲ್ಲ."

"ಲ್ಯಾಬೇ ಇಟ್ಬಿಟ್ರಲ್ಲ ಇಲ್ಲಿ" ಎಂದರೂ ಅವನು ಸ್ಪ್ಯಾನರ್ ತೆಗೆದ.

ಎಂಜಿನ್ ತಣ್ಣಗಾಗಲು ಬಿಟ್ಟು ಎಲ್ಲರೂ ಮಜ್ಜಿಗೆ ಕುಡಿದೆವು. ಆಮೇಲೆ ಕಲ್ಲೇಶ್ ಪಕ್ಕದ ಮುಚ್ಚಳ ತೆಗೆದು ಎಂಜಿನ್ನನ್ನು ಕೈಯಿಂದ ತಿರುಗಿಸಿದ. ಸಂಗೀತಾ ಮೊಬೈಲಿನ ಬೆಳಕು ಹಿಡಿದಳು. ಕೆಳಗಿನ ಗುರುತು ಸರಿಯಾಗಿ ಕೂತಾಗ ಮೇಲಿನ ಹಲ್ಲುಚಕ್ರದ ಗುರುತೂ ತನ್ನ ಗೆರೆಗೆ ಸರಿಯಾಗಿ ಕೂತಿತು. ಚೈನು ಸವೆದು ಜೋತಿದ್ದರೆ ಮೇಲಿನದು ಹಿಂದುಳಿಯುತ್ತಿತ್ತು. ಅವನು ಚೈನನ್ನು ಬೆರಳಿಂದ ಒತ್ತಿ ನೋಡಿದ. ಬಿಗಿಯಾಗಿತ್ತು.

"ಚೈನು ಕಲ್ಲಿದ್ದಂಗೈತೆ" ಎಂದ, ತನಗೇ ಆಶ್ಚರ್ಯವಾದವನಂತೆ.

ಮೇಲಿನ ಟ್ಯಾಪೆಟ್ ಮುಚ್ಚಳವನ್ನೂ ತೆಗೆಸಿ ನಾನು ಅವನ ಫೀಲರ್ ಗೇಜಿನ, ಸಂದು ಅಳೆಯುವ ತೆಳುವಾದ ಲೋಹದ ಹಾಳೆಯೊಂದನ್ನು ವಾಲ್ವಿನ ಸಂದಿಗೆ ತೂರಿಸಿದೆ. ತಲೆಗೂದಲಿನಷ್ಟು ದಪ್ಪದ ಆ ಹಾಳೆ ಅಲ್ಲಿ ತುಸು ಬಿಗಿಯಾಗಿ ಸರಿಯಬೇಕಿತ್ತು. ಜಾರಿಹೋಯಿತು. ಅದಕ್ಕಿಂತ ದಪ್ಪನೆಯದನ್ನು ಇಟ್ಟೆ, ಅದೂ ಜಾರಿತು.

"ಇದೇನ್ರೀ ಇದು, ಸಂದಾ, ಕುರಿದೊಡ್ಡಿ ಬಾಗ್ಲಾ?" ಎಂದ ಕಲ್ಲೇಶ್. ಆಮೇಲೆ ಬೆಳಕನ್ನು ಹತ್ತಿರ ತರಿಸಿದ. "ನೋಡಿ, ನಟ್ಟಿನ ಮೂಲೆ ಹೊಳೀತೈತೆ. ಈಚೆಗ್ಯಾರೋ ತಿರುವವ್ರೆ. ನಾನಂತೂ ಅಲ್ಲ."

ತೀರ್ಥಪ್ಪನವರು ಮಗಳನ್ನು ನೋಡಿದರು. ಮಗಳು ನನ್ನನ್ನು ನೋಡಿದಳು. ನಾನು ಕಡೂರಿನ ಬೋಂಡಾ ಮೆಕ್ಯಾನಿಕ್ಕನ್ನು ನೆನೆದೆ. ಅವನು ಗಾಡಿಯನ್ನು ಮುಟ್ಟಿಯೂ ಇರಲಿಲ್ಲ.

ಅಪ್ಪ ಎಲ್ಲರ ಭುಜಗಳ ನಡುವೆ ತಲೆ ತೂರಿಸಿ ಇಣುಕಿದ. "ಯಾಕೆ? ಸರ್ಯಾಗೇ ಬಿಟ್ಟಿದ್ದೀನಲ್ಲ."

ಕಲ್ಲೇಶ್ ಸ್ಪ್ಯಾನರ್ ಕೆಳಗಿಟ್ಟ.

"ನೀನಾ?" ಎಂದೆ.

"ಅಮಾಸೆ ದಿನ ತೊಳೆಯೋವಾಗ. ಮುಚ್ಚಳ ತೆಗೆದೆ, ನಟ್ಟು ಸಡ್ಲ ಮಾಡ್ದೆ, ಚಾಲೂ ಮಾಡಿ ಕೇಳ್ದೆ. ಸದ್ದು ಬರೋಗಂಟ ಬಿಟ್ಟೆ. ನೀವು ಅಟ್ಟದ್ ಮೇಲೆ ಕಾಯಿ ಅಲ್ಲಾಡಿಸ್ತಿದ್ರಲ್ಲ, ನಿಮಗೆ ಕೇಳಿರಾಕಿಲ್ಲ."

"ಯಾವ ಗೇಜ್ ಇಟ್ರಿ ಯಜಮಾನ್ರೇ?" ಎಂದು ಕಲ್ಲೇಶ್ ಕೇಳಿದ.

"ಗೇಜ್ಯಾಕಪ್ಪ? ಕಿವಿ ಇಲ್ವಾ?"

"ನಾನು ಸದ್ದು ಬರ್ತಿದೆ ಅಂತ ಹೇಳಿದಾಗ್ಲಾದ್ರೂ ಹೇಳಬಾರದಿತ್ತಾ!"

"ನೀನು ಚೈನು ಅಂದೆ. ಕೆಟ್ಟ್ ಸದ್ದು ಅಂದೆ. ನಾ ಮಾಡಿದ್ದು ಒಳ್ಳೇ ಸದ್ದು ಕಣವ್ವಾ. ಅದಲ್ದೆ ಇನ್ನೊಂದೇನೋ ಐತೆ ಅಂತ ನೀನು ಬಸ್ಸಿಗೋದ್ಮೇಲೆ ನಾನೂ ಚಾಲೂ ಮಾಡಿ ಕಿವಿಗೊಟ್ಟು ಹುಡುಕ್ತಿದ್ದೆ." ಅವನ ದನಿ ತಗ್ಗಿತು. "ದಿನಾ ಬೆಳಿಗ್ಗೆ ನೀನು ಸದ್ದಿಲ್ದಂಗೆ ಹೊರಟೋಗೋವಾಗ ಎದೆ ಧಸಕ್ ಅನ್ನೋದು. ಅದುಕ್ಕೇ."

ಮೊದಲು ನಕ್ಕವರು ತೀರ್ಥಪ್ಪನವರು. ಹೆಗಲ ಮೇಲಿನ ವಸ್ತ್ರ ಬಾಯಿಗಿಟ್ಟುಕೊಂಡು ನಕ್ಕರು. "ಲೇ ಕರಿಯಪ್ಪ, ಗಾಡಿನ ಕೊಬ್ಬರಿಗೆ ಹಾಕ್ಬಿಟ್ಯಲ್ಲಯ್ಯ!"

ಕಲ್ಲೇಶ್ ಗೇಜ್ ಇಟ್ಟು ಎರಡು ಸಂದುಗಳನ್ನೂ ಸರಿಪಡಿಸಿ, ನಟ್ಟು ಬಿಗಿದು, ಮುಚ್ಚಳ ಹಾಕಿದ. ಗಾಡಿ ಚಾಲೂ ಆಯಿತು. ಮೊದಲಿನ ಹಾಗೆ ಉಸಿರಾಟ ಮಾತ್ರ. ಎಲ್ಲರ ಮುಖವೂ ಅರಳಿತು, ಒಬ್ಬನದು ಬಿಟ್ಟು.

"ಚೈನು ಚೆನ್ನಾಗೈತೆ ಅಂದ್ರಿ, ಒಪ್ದೆ. ಆದ್ರೆ ಇದು ಮತ್ತೆ ಸುಮ್ನಾಯ್ತಲ್ಲ" ಎಂದು ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದ. "ಬೀರೂರು ಗೇಟ್‌ತಾವ ನಂದೂ ಹಿಂಗೇ ಇತ್ತು."

ಗಾಡಿ ನನಗೆ ಉಳಿಯುವುದು ಚೈನಿನಿಂದಲ್ಲ, ಈ ಮೌನದಿಂದ ತೀರ್ಮಾನವಾಗಬೇಕಿತ್ತು. ಅವನಿಗೆ ಕ್ಯಾಮ್ ಎಲ್ಲಿದೆ ಎಂದು ಮತ್ತೊಮ್ಮೆ ಹೇಳಿ ಪ್ರಯೋಜನವಿರಲಿಲ್ಲ. ಕಲ್ಲೇಶನ ಪೆಟ್ಟಿಗೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಅಪ್ಪನ ಕೈಗಿಟ್ಟೆ.

"ತುದಿನ ಈ ಮುಚ್ಚಳದ ಮೇಲಿಡು. ಹಿಡಿಕೆ ಕಿವಿಗೊತ್ತಿಕೊ."

ಅವನು ಬಾಗಿದ. ಕಣ್ಣು ಮುಚ್ಚಿದ. ಬೀದಿಯಲ್ಲಿ ಮಾತಾಡುತ್ತಿದ್ದವರ ಕಡೆಗೆ ಸುಮ್ಮನಿರಿ ಎಂದು ಇನ್ನೊಂದು ಕೈ ಎತ್ತಿದ. ತುದಿಯನ್ನು ಒಂದು ಮುಚ್ಚಳದಿಂದ ಇನ್ನೊಂದಕ್ಕೆ ಸರಿಸಿದ, ಮತ್ತೆ ಮೊದಲನೆಯದಕ್ಕೆ ತಂದ. ಅಟ್ಟದ ಮೇಲೆ ಅಜ್ಜಿ ಅನುಮಾನದ ಕಾಯಿಯೊಂದನ್ನು ಎರಡನೆಯ ಸಲ ಅಲ್ಲಾಡಿಸುವಾಗ ಅವಳ ಹುಬ್ಬು ಹೀಗೆಯೇ ಕೂಡಿಕೊಳ್ಳುತ್ತದೆ.

"ಐತೆ" ಎಂದ. "ಸಣ್ಣಕೈತೆ. ಟಿಕ್ ಟಿಕ್ ಅಂತೈತೆ. ಎಲ್ಡರಲ್ಲೂ ಐತೆ."

"ಸಂದು ಇದೆ ಅಪ್ಪಾ. ಚಿಕ್ಕದು. ಕಡ್ಡಿಗಳಿಲ್ಲವಲ್ಲ, ಅದಕ್ಕೇ ಹೊರಗೆ ಕೇಳಲ್ಲ."

"ವಾಪಸ್ ತಗೊಳ್ಳೋದೋ ಹ್ಯಂಗೆ?" ಎಂದು ತೀರ್ಥಪ್ಪನವರು ಗಂಭೀರವಾಗಿ ಕೇಳಿದರು.

"ಯಾಕ್ ಬುದ್ಧಿ? ಬಲಿತ ಕಾಯಿ ಯಾರಾದ್ರೂ ವಾಪಸ್ ಕೊಡ್ತಾರಾ?" ಎಂದ ಅಪ್ಪ. ಸ್ಕ್ರೂಡ್ರೈವರನ್ನು ಮಾತ್ರ ವಾಪಸ್ ಕೊಡಲಿಲ್ಲ. ತನ್ನ ಗಾಡಿಯ ಪೆಟ್ಟಿಗೆಯೊಳಗೆ ಇಟ್ಟುಕೊಂಡ. ಕಲ್ಲೇಶ್ ನೋಡಿಯೂ ನೋಡದವನಂತೆ ಕೈ ಒರೆಸಿಕೊಂಡ.

ಹೊರಡುವಾಗ ನಾನು ಅವನ ಕಪ್ಪು ಎಂಜಿನ್ನಿನತ್ತ ಬೊಟ್ಟು ಮಾಡಿ, "ಅಪ್ಪಾ, ಬರೋ ಭಾನುವಾರ ನಿನ್ನ ಗಾಡಿ ಮುಚ್ಚಳ ತೆಗೀತೀನಿ. ತಣ್ಣಗಿದ್ದಾಗ ಒಂದ್ಸಲ, ಕಾದ ಮೇಲೆ ಒಂದ್ಸಲ ಸಂದು ಅಳೀಬೇಕು. ಯಾವುದು ಹೆಚ್ಚು ಹಿಗ್ಗುತ್ತೆ ಅಂತ ನೋಡೋಣ" ಎಂದೆ.

"ನನ್ ಗಾಡಿ ಮುಟ್ಟಿದ್ರೆ ಕೈ ಮುರೀತೀನಿ."

"ನೀನು ನಂದನ್ನ ಮುಟ್ಟಲಿಲ್ವಾ?"

ಅವನು ಕಿಕ್ ಹೊಡೆಯಲು ಎತ್ತಿದ ಕಾಲನ್ನು ಕೆಳಗಿಟ್ಟ. "ಬೆಳಿಗ್ಗೆ ಬ್ಯಾಡ. ತೋಟಕ್ಕೆ ನೀರು ಬಿಟ್ಟು ಬಂದ್ಮೇಲೆ ತೆಗಿ. ನಾನೂ ಇರ್ತೀನಿ" ಎಂದ. ಆಮೇಲೆ, "ನೀನು ಮುಂದೋಗು. ಹಿಂದೆ ಬಂದ್ರೆ ನಿನ್ ಗಾಡಿ ಐತೋ ಇಲ್ವೋ ನಂಗೆ ಗೊತ್ತಾಗಾಕಿಲ್ಲ. ನಂದಾದ್ರೆ ನಿಂಗೆ ಕೇಳುತ್ತೆ."

ನಾನು ಮುಂದೆ ಹೊರಟೆ. ಬೀರೂರಿನ ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲಿಸಿದಾಗ ಹಿಂದೆ ದೂರದಲ್ಲಿ ಟಕಟಕ ಎನ್ನುತ್ತಿತ್ತು. ರೈಲು ಹಾದುಹೋಗುವಷ್ಟು ಹೊತ್ತು ಕೇಳದಾಗಿ, ಆಮೇಲೆ ನನ್ನ ಪಕ್ಕದಲ್ಲೇ ಕೇಳಿಸಿತು.